ಬ್ಯಾಟಪ್ಪನವರ ದೋಣಿ ಕ್ರ್ಯಾಂಕು

ಬ್ಯಾಟಪ್ಪನವರು ನಮ್ಮ ಶೆಡ್ಡಿಗೆ ಬಂದಾಗ ಮೊದಲು ಮನುಷ್ಯರನ್ನು ಮಾತಾಡಿಸುತ್ತಿರಲಿಲ್ಲ. ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದ ದಪ್ಪ ಬೀಗದ ಕೈಯನ್ನು ಈಚೆ ತೆಗೆದು, ಕೊಕ್ಕೆಗೆ ನೇತುಹಾಕಿರುವ ಯಾವುದಾದರೊಂದು ಕ್ರ್ಯಾಂಕ್ ಶಾಫ್ಟಿಗೆ ಟಣ್ ಎಂದು ಬಡಿದು, ಕಣ್ಣು ಮುಚ್ಚಿ, ಕಿವಿ ಕೊಟ್ಟು ನಿಲ್ಲುತ್ತಿದ್ದರು. ಆಮೇಲೆ ತೀರ್ಪು. "ಇದು ಒಳಗೇ ಬಿರುಕು ಬುಟ್ಟೈತೆ ಗಿರಿಜಮ್ಮ. ಗುಜ್ರಿಗಾಕು."

ಒಳ್ಳೆಯ ಕ್ರ್ಯಾಂಕನ್ನು ನೇತುಹಾಕಿ ಬಡಿದರೆ ಗಂಟೆಯ ಹಾಗೆ ಬಹಳ ಹೊತ್ತು ಉಲಿಯುತ್ತದೆ, ಬಿರುಕಿದ್ದರೆ ಒಡಕು ಮಡಕೆಯಂತೆ ಸದ್ದು ಅಲ್ಲೇ ಸತ್ತುಹೋಗುತ್ತದೆ ಎನ್ನುವುದು ನಿಜ. ನಮ್ಮ ಕಸುಬಿನವರೆಲ್ಲ ಹಾಗೆ ಬಡಿದು ನೋಡುತ್ತಾರೆ. ತೊಂದರೆ ಏನೆಂದರೆ, ಬ್ಯಾಟಪ್ಪನವರು ಕೊಡುತ್ತಿದ್ದದ್ದು ಎಡಗಿವಿ. ಅರ್ಧ ಆಯುಷ್ಯ ಚೈನ್ ಟ್ರ್ಯಾಕ್ಟರ್ ಓಡಿಸಿ ಆ ಕಿವಿ ಯಾವತ್ತೋ ಹೋಗಿತ್ತು. ಬಲಗಿವಿ ಚೆನ್ನಾಗಿಯೇ ಕೇಳುತ್ತಿತ್ತು. "ಆ ಕಡೆ ಕಿವಿ ಕೊಡಿ ಗೌಡ್ರೇ" ಎಂದರೆ, "ಯಾವ್ ಕಿವಿ ಕೊಡ್ಬೇಕು ಅಂತ ನಂಗೊತ್ತಿಲ್ವಾ?" ಎಂದು ನನ್ನ ಮೇಲೇ ರೇಗುತ್ತಿದ್ದರು. ಆ ತೀರ್ಪು ಕೇಳಿ ಗಾಬರಿಯಾದ ಗಿರಾಕಿಗಳನ್ನು ಸಮಾಧಾನ ಮಾಡಿ ಕೂರಿಸುವುದು ನನ್ನ ಪಾಲಿಗೆ ಬರುತ್ತಿತ್ತು.

ಯಶವಂತಪುರದ ಹಳೆಯ ಕಾರ್ಖಾನೆಗಳ ಹಿಂದಿನ ಓಣಿಯೊಂದರಲ್ಲಿ ನಮ್ಮದು ಕ್ರ್ಯಾಂಕ್ ಗ್ರೈಂಡಿಂಗ್ ಶೆಡ್ಡು. ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿಯುವುದನ್ನು ತಿರುಗುವ ಶಕ್ತಿಯಾಗಿ ಬದಲಿಸಿ ಚಕ್ರಕ್ಕೆ ಮುಟ್ಟಿಸುವ ಸೊಟ್ಟಂಬಟ್ಟ ಉಕ್ಕಿನ ದಿಂಡೇ ಕ್ರ್ಯಾಂಕ್. ಅದು ಸವೆದಾಗ ಕಲ್ಲಿನ ಚಕ್ರಕ್ಕೆ ಕೊಟ್ಟು ನುಣ್ಣಗೆ ಉಜ್ಜಿ ಮತ್ತೆ ಅಳತೆಗೆ ತರುವುದು ನಮ್ಮ ಕೆಲಸ. ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಜೊತೆಗೆ ಸೆಲ್ವಂ ಎನ್ನುವವನೊಬ್ಬ ಕೆಲಸಗಾರ. ಬ್ಯಾಟಪ್ಪನವರು ಅಪ್ಪನ ಕಾಲದ ಗಿರಾಕಿ. ನಾನು ಯಾವುದಕ್ಕಾದರೂ ಆಗುವುದಿಲ್ಲ ಎಂದರೆ ಸಾಕು, "ನಿಮ್ಮಪ್ಪ ಇದ್ದಿದ್ರೆ ಮರುಮಾತಾಡ್ದೆ ಮಾಡ್ಕೊಡ್ತಿದ್ದ" ಎನ್ನುತ್ತಿದ್ದರು. ಅಪ್ಪ ಇದ್ದಾಗ ನಡೆಯುತ್ತಿದ್ದದ್ದೇ ಬೇರೆ. ಓಣಿಯ ತುದಿಯಲ್ಲಿ ಇವರ ಬಿಳಿ ಪಂಚೆ ಕಂಡ ತಕ್ಷಣ ಅಪ್ಪ ಹಿಂದಿನ ಬಾಗಿಲಿನಿಂದ ಟೀ ಅಂಗಡಿಗೆ ಓಡುತ್ತಿದ್ದರು. ಹೋಗುವಾಗ "ನೀನೇ ಮಾತಾಡು ಮಗಳೇ, ನಂಗೆ ಬಿಪಿ ಇದೆ" ಎಂದು ಹೇಳಿ ಹೋಗುತ್ತಿದ್ದರು. ನನಗೆ ಬಿಪಿ ಬಂದಿದ್ದು ಆಮೇಲೆ.

ಅವರ ಊರು ಅಮೃತಹಳ್ಳಿ. ಗಟ್ಟಿ ಆಳು, ಕುಳ್ಳು, ಕುತ್ತಿಗೆ ಎನ್ನುವುದೇ ಇಲ್ಲದೆ ತಲೆ ನೇರವಾಗಿ ಹೆಗಲ ಮೇಲೆ ಕೂತಿರುತ್ತಿತ್ತು. ಹೊಲ ಗದ್ದೆಯೆಲ್ಲ ಸೈಟುಗಳಾಗಿ ಮಕ್ಕಳು ಮಾಳಿಗೆ ಮೇಲೆ ಮಾಳಿಗೆ ಕಟ್ಟಿಸಿದ್ದರೂ ಇವರು ಬಿಎಂಟಿಸಿ ಬಸ್ಸಿನಲ್ಲೇ ಬರುತ್ತಿದ್ದರು. ಬರುವಾಗ ಒಂದು ಕಟ್ಟು ನಾಟಿ ಕೊತ್ತಂಬರಿ ಸೊಪ್ಪು ತಂದು, ಬೇರಿಗೆ ಹತ್ತಿದ ಮಣ್ಣಿನ ಸಮೇತ, ನನ್ನ ಗ್ರೈಂಡಿಂಗ್ ಮಿಷಿನ್ನಿನ ಮೇಲೇ ಇಡುತ್ತಿದ್ದರು. ಒಂದು ಕಾಳು ಮರಳು ಸಿಕ್ಕಿದರೂ ಗೀರು ಬೀಳುವ ಜಾಗ ಅದು. ಎಷ್ಟು ಸಲ ಹೇಳಿದ್ದೇನೆ! "ಸೊಪ್ಪಲ್ವೇನಮ್ಮ, ಕಲ್ಲಾ?" ಎನ್ನುತ್ತಿದ್ದರು. ಆ ಸೊಪ್ಪಿನ ವಾಸನೆ ಮಾತ್ರ ಇವತ್ತಿಗೂ ಯಾವ ಅಂಗಡಿಯ ಸೊಪ್ಪಿಗೂ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಬೆಂಗಳೂರಿನ ಈ ಕಡೆಯ ನೆಲ ಸಮವಾಗಿರುವುದಕ್ಕೆ ತಾವೇ ಕಾರಣ ಎಂದು ಅವರು ನಂಬಿದ್ದರು. "ಅಟ್ಟೂರಾಗೆ ಆಳುದ್ದ ತಗ್ಗು ಇತ್ತು, ಯಾರ್ ಮುಚ್ಚಿದ್ದು? ತಣಿಸಂದ್ರದಾಗೆ ದಿಣ್ಣೆ ಇತ್ತು, ಯಾರ್ ತಳ್ಳಿದ್ದು? ನನ್ ಗಾಡಿ!" ಒಂದು ಸಲ ನಾನು, "ಹೆಬ್ಬಾಳದ ಫ್ಲೈಓವರ್ ಕೂಡ ನೀವೇ ಕಟ್ಟಿದ್ರಾ?" ಎಂದು ಕೆಣಕಿದೆ. "ಅದು ನಾನಲ್ಲ. ಅದ್ಕೇ ಅಲ್ಲಿ ಅಷ್ಟು ಟ್ರಾಫಿಕ್ಕು" ಎಂದರು. ನಗಲಿಲ್ಲ, ನಿಜವೆಂದೇ ಹೇಳಿದರು.

ಆ ಗಾಡಿಯನ್ನು ನಾನು ನೋಡಿದ್ದೇನೆ. ಚಕ್ರದ ಬದಲು ಎರಡು ಕಬ್ಬಿಣದ ಚೈನಿನ ಮೇಲೆ ನಡೆಯುವ, ಮುಂದೆ ಮಣ್ಣು ತಳ್ಳುವ ಹಲಗೆಯಿರುವ, ಹಡಗಿನಲ್ಲಿ ಬಂದಿಳಿದ ಹಳೆಯ ಕಾಲದ ಟ್ರ್ಯಾಕ್ಟರು. ಅದರ ಡೀಸೆಲ್ ಎಂಜಿನ್ನನ್ನು ಎಬ್ಬಿಸಲು ಪಕ್ಕದಲ್ಲೇ ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಇತ್ತು. ಮರಿ ಎಂಜಿನ್ ಅಂತ ಅವರು ಅದನ್ನು ಕರೆಯುತ್ತಿದ್ದರು. ಗಾಡಿ ಕೆಟ್ಟು ನಿಂತು ಬಹಳ ವರ್ಷವಾಗಿತ್ತು. ಕ್ರ್ಯಾಂಕು ಮಧ್ಯಕ್ಕೆ ತುಂಡಾಗಿತ್ತು. ಮನೆಯವರ ಕೊನೆಯ ಖಾಲಿ ಜಾಗದ ಮಧ್ಯದಲ್ಲಿ, ಸುತ್ತ ಕೊತ್ತಂಬರಿ ಮಡಿ ಮಾಡಿಸಿಕೊಂಡು, ಅದು ನಿಂತಿತ್ತು.

ಆಯುಧಪೂಜೆಯ ದಿನ ಯಾವ ಗಾಡಿಯೇ ಆಗಲಿ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ತುಳಿದು ಮುಂದೆ ಹೋಗಬೇಕಲ್ಲ. ಬ್ಯಾಟಪ್ಪನವರ ಗಾಡಿಗೆ ನಡೆಯಲು ಬರುತ್ತಿರಲಿಲ್ಲ. ಪ್ರತಿ ವರ್ಷ ಮಕ್ಕಳು ಜೆಸಿಬಿ ತರಿಸಿ, ಸರಪಳಿ ಬಿಗಿದು, ಒಂದು ಗೇಣು ಎಳೆಸಿ ನಿಂಬೆಹಣ್ಣು ತುಳಿಸುತ್ತಿದ್ದರು. ಹೆಣವನ್ನು ಕೂರಿಸಿ ಆರತಿ ಎತ್ತಿದ ಹಾಗೆ ಅವರಿಗೆ ಆಗುತ್ತಿತ್ತಂತೆ. ಕೊನೆಗೆ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವುದೆಂದು ತೀರ್ಮಾನವಾಗಿ, ಗಾಡಿಯನ್ನು ಏನು ಮಾಡುವುದೆಂಬ ಮಾತು ಬಂತು. ದೊಡ್ಡ ಮಗ ಚಂದ್ರು ಕೆಟ್ಟವನಲ್ಲ. "ಗೇಟಿನ ಮೂಲೇಲಿ ಇಟ್ಟುಕೊಳ್ಳೋಣ ಬಿಡಪ್ಪ" ಎಂದನಂತೆ. ಅಷ್ಟಕ್ಕೆ ಹೂಂ ಎಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಇವರ ತಮ್ಮನ ಮಗನೊಬ್ಬ "ಸತ್ತಿರೋ ಕಬ್ಬಿಣ" ಎಂದುಬಿಟ್ಟ. ಬ್ಯಾಟಪ್ಪನವರು ನೆಂಟರಿಷ್ಟರ ಎದುರಿಗೆ ಎದ್ದು ನಿಂತು ಆಣೆ ಹಾಕಿದರು: "ಈ ಸಲ ಆಯುಧಪೂಜೆಗೆ ನನ್ ಗಾಡಿ ತಾನೇ ನಡ್ಕಂಡು ನಿಂಬೆಅಣ್ಣು ತುಳೀತದೆ. ತುಳೀದಿದ್ರೆ ನಾನೇ ನಿಂತು ಗುಜ್ರಿಗ್ ಆಕಿಸ್ತೀನಿ. ಯಾರೂ ಬಾಯಿ ಬುಡಂಗಿಲ್ಲ."

ಆಣೆ ಹಾಕಿದ ಮಾರನೆಯ ದಿನ ತುಂಡಾದ ಕ್ರ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಶೆಡ್ಡಿನಲ್ಲಿ ಹಾಜರ್. ಎರಡು ತುಂಡನ್ನೂ ಕೂಡಿಸಿ ಹಿಡಿದು, "ವೆಲ್ಡಿಂಗ್ ಮಾಡ್ಬುಡು" ಎಂದರು. ನೆಲಕ್ಕೆ ಬಿದ್ದು ಒಡೆದ ತಟ್ಟೆಗೆ ಅಂಟು ಹಾಕು ಎನ್ನುವಷ್ಟು ಸಲೀಸಾಗಿ.

"ಗೌಡ್ರೇ, ವೆಲ್ಡಿಂಗ್ ಮಾಡಿದ್ರೆ ಸ್ಟಾರ್ಟ್ ಆಗುತ್ತೆ. ಗೇರ್ ಹಾಕಿ ಲೋಡ್ ಬಿದ್ದ ತಕ್ಷಣ ಮತ್ತೆ ಅಲ್ಲೇ ಮುರಿಯುತ್ತೆ. ಎಂಜಿನ್ನೂ ಒಡ್ಕೊಂಡು ಆಚೆ ಬರುತ್ತೆ."

"ಲೋಡ್ ಎಲ್ಲಮ್ಮ? ಒಂದು ನಿಂಬೆಅಣ್ಣು."

ಆ ಮಾತಿಗೆ ಸೆಲ್ವಂ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಗಾಡಿ ಮೇಲೆ ಕೂರುವವರು ಅವರೇ, ಅದೂ ಎಂಜಿನ್ನಿನ ಬೆನ್ನಿಗೆ. ನಾನು ಒಪ್ಪಲಿಲ್ಲ. "ನಿಮ್ಮಪ್ಪ ಇದ್ದಿದ್ರೆ" ಎಂದು ಶುರು ಮಾಡಿದರು. ನಾನು ಮಿಷಿನ್ ಆನ್ ಮಾಡಿದೆ, ಆ ಸದ್ದಿನಲ್ಲಿ ಉಳಿದದ್ದು ಕೇಳಲಿಲ್ಲ. ಮುನಿಸಿಕೊಂಡು ಹೋದರು. ಸೊಪ್ಪನ್ನೂ ವಾಪಸ್ಸು ತೆಗೆದುಕೊಂಡು ಹೋದರು.

ಸುಮಾರು ದಿನ ಸುಳಿವಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಇನ್ನೊಂದು ಕ್ರ್ಯಾಂಕ್ ಹೇರಿಕೊಂಡು ಬಂದರು. ಕರಾವಳಿಯ ಯಾವುದೋ ಗುಜರಿಯಲ್ಲಿ ಸಿಕ್ಕಿದ್ದು, ಅದೇ ಕಂಪನಿಯ ಎಂಜಿನ್ನಿನದು, ಆದರೆ ದೋಣಿಗೆ ಕೂರಿಸಿದ್ದ ಎಂಜಿನ್. ಸೇರುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಯಿತು? ಬನಿಯನ್ ಜೇಬಿನಿಂದ ಒಂದು ದಾರ ತೆಗೆದರು. ಅದರ ತುಂಬ ಗಂಟು. ಹಳೆಯ ಕ್ರ್ಯಾಂಕಿನ ಉದ್ದಕ್ಕೆ ದಾರ ಹಿಡಿದು, ಬೇರಿಂಗ್ ಕೂರುವ ಜಾಗಕ್ಕೆಲ್ಲ ಗಂಟು ಹಾಕಿಕೊಂಡು, ಆ ದಾರವನ್ನೇ ಹಿಡಿದು ಬಸ್ಸು ಹತ್ತಿ ಹೋಗಿದ್ದರು. "ಗಂಟಿಗೆ ಗಂಟು ಸೇರ್ತು" ಎಂದರು. ನಾನು ಮೈಕ್ರೋಮೀಟರ್ ತೆಗೆದುಕೊಂಡು ನೋಡಿದರೆ ಉದ್ದ ಸರಿಯಿತ್ತು, ಉಳಿದದ್ದು ಯಾವುದೂ ಸರಿಯಿರಲಿಲ್ಲ. ಬೇರಿಂಗಿನ ಜಾಗ ದಪ್ಪ. ಸಮತೂಕಕ್ಕೆ ಅಂಟಿಸಿರುವ ಉಕ್ಕಿನ ಗಡ್ಡೆಗಳು ದೊಡ್ಡವು. ತಿರುಗಿದರೆ ಎಂಜಿನ್ನಿನ ಒಳಗೋಡೆಗೆ ಬಡಿಯುತ್ತವೆ. ಹಿಂದಿನ ತುದಿಗೆ ಫ್ಲೈವೀಲ್ ಎನ್ನುವ ಭಾರದ ಚಕ್ರ ಕೂರಿಸುವ ತೂತುಗಳು ಬೇರೆ ಲೆಕ್ಕದಲ್ಲಿದ್ದವು.

ಆದರೂ ಇದು ಆಗುವ ಕೆಲಸ. ಒಂದು ಎಂಜಿನ್ನಿನ ಕ್ರ್ಯಾಂಕನ್ನು ಇನ್ನೊಂದಕ್ಕೆ ಹೊಂದಿಸುವುದು ನಮ್ಮ ಕಸುಬಿನಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಕೂಡ. ಬೇರಿಂಗಿನ ಜಾಗವನ್ನು ಹಳೆಯ ಅಳತೆಗೆ ಉಜ್ಜಬೇಕು. ಉಜ್ಜುವಾಗ ಮೂಲೆಯನ್ನು ಚೂಪಾಗಿ ಬಿಡದೆ ಬಟ್ಟಲಿನ ಒಳಮೈಯಂತೆ ದುಂಡಗೆ ಬಿಡಬೇಕು. ಚೂಪು ಬಿಟ್ಟರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಅವರ ಹಳೆಯ ಕ್ರ್ಯಾಂಕು ಮುರಿದಿದ್ದೂ ಅಂಥದೇ ಮೂಲೆಯಲ್ಲಿ. ಗಡ್ಡೆಗಳನ್ನು ಎರಡೂ ಕಡೆ ಸಮವಾಗಿ ಕೆತ್ತಬೇಕು. ತೂತು ಮುಚ್ಚಿ ಬೇರೆ ತೂತು ಕೊರೆಯಬೇಕು. ನನಗೆ ಹುರುಪು ಬಂತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ದಿನಾ ಬಂದು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಗಡ್ಡೆ ಕೆತ್ತಲು ಹೋದರೆ, "ಮಾಂಸ ಕುಯ್ಬೇಡ ಕಣಮ್ಮ, ಬಲ ಓಗ್ತದೆ" ಎಂದು ಕೈ ಅಡ್ಡ ಹಾಕುತ್ತಿದ್ದರು. ಇದು ಮಾಂಸ ಅಲ್ಲ, ಒಳಗೆ ಬಡಿಯುತ್ತೆ ಎಂದು ಸುಣ್ಣದ ಗೆರೆ ಎಳೆದು ತೋರಿಸಿದೆ. "ಬಡೀಲಿ ಬುಡು, ಸವೆದು ತಾನೇ ದಾರಿ ಮಾಡ್ಕತದೆ" ಎಂದರು. ಉಕ್ಕಿನ ಗಡ್ಡೆ ಎಂಜಿನ್ನಿನ ಗೋಡೆ ಸವೆಸಿ ದಾರಿ ಮಾಡಿಕೊಳ್ಳುತ್ತದಂತೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದನ್ನು ಕೇಳಿದ್ದೆ. ಈ ಮನುಷ್ಯ ಮೊಲವನ್ನೇ ಹಿಡಿಯದೆ ಕಾಲು ಎಣಿಸುತ್ತಿದ್ದರು. ಕಿರುಚಾಡಿ, ಕೈಮುಗಿದು, ಒಮ್ಮೆ ಕಣ್ಣಲ್ಲಿ ನೀರು ಕೂಡ ಹಾಕಿಕೊಂಡು ಒಂದೊಂದೇ ಕೆಲಸಕ್ಕೆ ಒಪ್ಪಿಸಿದೆ. ಒಪ್ಪಿದ ಮೇಲೆ ಮಗುವಿನಂತೆ ಖುಷಿ. ಉಜ್ಜಿದ ಜಾಗಕ್ಕೆ ಉಗುರು ಆಡಿಸಿ, "ಬೆಣ್ಣೆ ಕಣಮ್ಮ, ಬೆಣ್ಣೆ" ಎನ್ನುತ್ತಿದ್ದರು. ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದರು. "ನನ್ ಮಗಳು ಮಾಡಿರೋದು" ಎಂದು ಅವರು ಟೀ ಅಂಗಡಿಯವನಿಗೆ ಹೇಳುತ್ತಿದ್ದದ್ದನ್ನು ನಾನು ಒಂದು ಸಲ ಕೇಳಿಸಿಕೊಂಡೆ. ನನ್ನೆದುರಿಗೆ ಒಂದು ದಿನವೂ ಹಾಗೆ ಹೇಳಿದವರಲ್ಲ.

ಉಳಿದದ್ದು ಒಂದೇ ಕೆಲಸ. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ, ಬೋಲ್ಟಿನ ಥ್ರೆಡ್ಡಿನ ಹಾಗೆ, ಓರೆಯಾಗಿ ಸುತ್ತಿದ ಗೆರೆಗಳಿರುತ್ತವೆ. ಎಂಜಿನ್ ತಿರುಗುವಾಗ ಆಚೆ ಬರಲು ನೋಡುವ ಎಣ್ಣೆಯನ್ನು ಆ ಗೆರೆಗಳು ಒಳಕ್ಕೆ ತಳ್ಳುತ್ತವೆ. ಹಳೆಯ ಎಂಜಿನ್ನುಗಳಲ್ಲಿ ಎಣ್ಣೆ ತಡೆಯಲು ಇದ್ದದ್ದೇ ಅದು. ಜೋಡಿ ಎಂಜಿನ್ನಿನ ದೋಣಿಯಲ್ಲಿ ಒಂದು ಎಂಜಿನ್ ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಬ್ಯಾಟಪ್ಪನವರು ತಂದದ್ದು ಎಡಕ್ಕೆ ತಿರುಗುವ ಎಂಜಿನ್ನಿನ ಕ್ರ್ಯಾಂಕು. ಉಳಿದೆಲ್ಲಕ್ಕೂ ಎಡ ಬಲ ಒಂದೇ, ಆ ಗೆರೆಗಳಿಗೆ ಮಾತ್ರ ಅಲ್ಲ. ಬಲಕ್ಕೆ ತಿರುಗುವ ಟ್ರ್ಯಾಕ್ಟರಿಗೆ ಹಾಕಿದರೆ ಅವು ಎಣ್ಣೆಯನ್ನು ಒಳಕ್ಕೆ ತಳ್ಳುವ ಬದಲು ಆಚೆಗೆ ತಳ್ಳುತ್ತವೆ. ಆಚೆ ಇರುವುದು ಕ್ಲಚ್ಚು. ಕ್ಲಚ್ಚಿಗೆ ಎಣ್ಣೆ ಬಿದ್ದರೆ ಜಾರುತ್ತದೆ. ಎಂಜಿನ್ ಎಷ್ಟು ಕೂಗಿದರೂ ಗಾಡಿ ಕದಲುವುದಿಲ್ಲ.

"ಈ ಗೆರೆ ಉಜ್ಜಿ ತೆಗೆದು, ಎಣ್ಣೆ ತಡೆಯೋ ಹಗ್ಗದ ಸೀಲ್ ಹಾಕ್ತೀನಿ. ಅರ್ಧ ದಿನದ ಕೆಲಸ" ಎಂದೆ.

"ಮುಟ್ಬೇಡ" ಎಂದರು. "ಕಂಪ್ನಿಯವ್ರು ಸುಮ್ಕೆ ಆಕಿರ್ತಾರಾ? ನಮ್ ಅಳೇ ಕ್ರ್ಯಾಂಕಿನಾಗೂ ಐತೆ ಗೆರೆ, ಇದ್ರಾಗೂ ಐತೆ."

"ಅದು ಬಲಕ್ಕಿದೆ, ಇದು ಎಡಕ್ಕಿದೆ ಗೌಡ್ರೇ!"

"ಗೆರೆ ಗೆರೆನೇ."

ಎರಡು ಕ್ರ್ಯಾಂಕನ್ನೂ ಪಕ್ಕಪಕ್ಕ ಇಟ್ಟೆ. ಒಂದರ ಗೆರೆ ಈ ಕಡೆ ಓರೆ, ಇನ್ನೊಂದರದು ಆ ಕಡೆ ಓರೆ. ಕುರುಡರ ಕೈಗೂ ಗೊತ್ತಾಗುತ್ತದೆ. ಬ್ಯಾಟಪ್ಪನವರು ನೋಡಿದರು, ತಲೆ ಆಡಿಸಿದರು, "ನೀನು ತಿರುಗಿಸಿ ಇಟ್ಟಿದ್ದೀಯ" ಎಂದರು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಗೆರೆ ತೆಗೆಯದೆ ಕ್ರ್ಯಾಂಕು ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಆ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಸೆಲ್ವಂಗೂ ಹೇಳಿ, ನವರಾತ್ರಿಗೆಂದು ದೊಡ್ಡಬಳ್ಳಾಪುರದ ಅಕ್ಕನ ಮನೆಗೆ ಹೋದೆ.

ವಾಪಸ್ಸು ಬಂದಾಗ ಕೊಕ್ಕೆ ಖಾಲಿ. "ನೀವೇ ಫೋನ್ ಮಾಡಿ ತಗೊಂಡೋಗಿ ಅಂದ್ರಿ ಅಂತ ಗೌಡ್ರು ಹೇಳಿದ್ರುಮ್ಮಾ" ಎಂದ ಸೆಲ್ವಂ. ಆ ವಯಸ್ಸಿನವರು, ಬಿಳಿ ಪಂಚೆ ಉಟ್ಟವರು, ಸುಳ್ಳು ಹೇಳಿ ಕ್ರ್ಯಾಂಕು ಹೊತ್ತುಕೊಂಡು ಹೋಗುತ್ತಾರೆಂದು ಪಾಪ ಅವನಿಗೇನು ಗೊತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಅಮೃತಹಳ್ಳಿಗೆ ಓಡಿದೆ. ತಮ್ಮ ಕಾಲದ ಇಬ್ಬರು ಮೆಕ್ಯಾನಿಕ್ ಮುದುಕರನ್ನು ಕಟ್ಟಿಕೊಂಡು ಎಂಜಿನ್ ಮುಚ್ಚಿ, ಕೊನೆಯ ಬೋಲ್ಟು ಬಿಗಿಯುತ್ತಿದ್ದರು. ಬೆಳಗಾದರೆ ಆಯುಧಪೂಜೆ.

"ಮುಚ್ಚಾಯ್ತು" ಎಂದರು ನನ್ನನ್ನು ನೋಡಿ. ಮುಖದಲ್ಲಿ ಸ್ವಲ್ಪವಾದರೂ ನಾಚಿಕೆ ಬೇಡವೆ? "ಬೆಳಿಗ್ಗೆ ಬೇಗ ಬಾ. ರೇಷ್ಮೆ ಸೀರೆ ಉಟ್ಕಂಡ್ ಬಾ."

ಉಟ್ಟುಕೊಂಡೇ ಹೋದೆ. ಗಾಡಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಹಲಗೆಯ ತುಂಬ ಅರಿಶಿನ ಕುಂಕುಮ. ನೆಂಟರೆಲ್ಲ ಬಂದಿದ್ದರು, ಅರ್ಧ ಜನ ಫೋನ್ ಎತ್ತಿ ಹಿಡಿದಿದ್ದರು. ಎರಡೂ ಚೈನಿನ ಮುಂದೆ ನಿಂಬೆಹಣ್ಣು. ಬ್ಯಾಟಪ್ಪನವರು ಹತ್ತಿ ಕೂತು ಮರಿ ಎಂಜಿನ್ ಎಬ್ಬಿಸಿದರು. ಅದು ಪಟಪಟನೆ ಬಡಿದುಕೊಂಡು ದೊಡ್ಡದನ್ನು ತಿರುಗಿಸಿ ತಿರುಗಿಸಿ, ಕೊನೆಗೆ ಒಂದು ಕಪ್ಪು ಹೊಗೆ ಎದ್ದು, ದೊಡ್ಡ ಎಂಜಿನ್ ಸ್ಟಾರ್ಟ್ ಆಯಿತು. ಜನ ಕೂಗಿದರು. ನನಗೂ ಮೈ ಝುಂ ಎಂದಿತು. ನಾನು ಉಜ್ಜಿದ ಕ್ರ್ಯಾಂಕು ಒಳಗೆ ತಿರುಗುತ್ತಿತ್ತು, ಒಂದು ಅಪಸ್ವರವಿಲ್ಲ.

ಎಣ್ಣೆ ಗೆರೆ ದಾಟಿ ಕ್ಲಚ್ಚಿಗೆ ಇಳಿಯಲು ಒಂದಿಷ್ಟು ಹೊತ್ತು ಬೇಕು. ಆ ಹೊತ್ತಿನೊಳಗೆ ಗೇರ್ ಹಾಕಿದರೆ ಗಾಡಿ ನಡೆದೇ ನಡೆಯುತ್ತದೆ, ನಿಂಬೆಹಣ್ಣು ಇರುವುದು ಒಂದು ಗೇಣು ದೂರದಲ್ಲಿ. ನಾನು ಚೈನಿನ ಮೇಲೆ ಕಾಲಿಟ್ಟು ಹತ್ತಿ, ಅವರ ಬಲಗಿವಿಯ ಕಡೆ ಬಾಗಿ ಕೂಗಿದೆ: "ಈಗ್ಲೇ ಗೇರ್ ಹಾಕಿ ಗೌಡ್ರೇ! ತಡ ಮಾಡ್ಬೇಡಿ!"

"ರಾವುಕಾಲ ಐತೆ ಕಣಮ್ಮ!" ಎಂದು ಅವರೂ ಕೂಗಿದರು. "ಕಳೀಲಿ!"

"ಹಾಗಾದ್ರೆ ಆಫ್ ಮಾಡಿ! ಕಳೆದ ಮೇಲೆ ಸ್ಟಾರ್ಟ್ ಮಾಡಿ!"

"ಇಷ್ಟ್ ವರ್ಷ ಆದ್ಮೇಲೆ ಎದ್ದೈತೆ, ಮತ್ತೆ ಮಲಗುಸ್ಲಾ?"

ಶುಭಕಾರ್ಯ ಕೆಟ್ಟ ಗಳಿಗೆಯಲ್ಲಿ ಆಗಬಾರದೆಂದು ಗಾಡಿ ನಿಲ್ಲಿಸಿಕೊಂಡರು. ಎದ್ದ ಎಂಜಿನ್ ಮಲಗಬಾರದೆಂದು ಓಡಿಸುತ್ತಲೇ ಇದ್ದರು. ರಾಹುಕಾಲ ಕಳೆಯುವವರೆಗೂ ಎಂಜಿನ್ ಓಡಿತು. ಅಷ್ಟು ಹೊತ್ತೂ ಆ ಎಡಗೆರೆಗಳು ಎಣ್ಣೆಯನ್ನು ಹನಿಹನಿಯಾಗಿ ಕ್ಲಚ್ಚಿಗೆ ಉಣಿಸುತ್ತಿವೆ ಎನ್ನುವುದು ಆ ಜಾಗದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬ್ಯಾಟಪ್ಪನವರು ಮೇಲೆ ಕೂತು ಮೊಮ್ಮಕ್ಕಳಿಗೆ ಕೈಬೀಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

ಪುರೋಹಿತರು ಹೂಂ ಎಂದರು. ಕುಂಬಳಕಾಯಿ ಒಡೆದರು. ಬ್ಯಾಟಪ್ಪನವರು ಗೇರ್ ಹಾಕಿ ಕ್ಲಚ್ಚಿನ ಉದ್ದ ಲಿವರನ್ನು ಮುಂದಕ್ಕೆ ತಳ್ಳಿದರು. ಚೈನು ಕಿರ್ ಎಂದಿತು, ಒಂದೆರಡು ಬೆರಳಷ್ಟು ಸರಿಯಿತು, ನಿಂತುಬಿಟ್ಟಿತು. ಎಂಜಿನ್ ಜೋರಾಯಿತು. ಸುಟ್ಟ ಎಣ್ಣೆಯ ವಾಸನೆ ಬಂತು, ಕೆಳಗಿನಿಂದ ನೀಲಿ ಹೊಗೆ ಎದ್ದಿತು. ಮತ್ತೆ ಎಳೆದು ಮತ್ತೆ ತಳ್ಳಿದರು. ಎಂಜಿನ್ ಕೂಗುತ್ತಲೇ ಇತ್ತು, ಚೈನು ಮಾತ್ರ ಅಲುಗಲಿಲ್ಲ. ಫೋನ್ ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಕೆಳಗಿಳಿಸಿದರು.

ಚಂದ್ರು ನನ್ನ ಹತ್ತಿರ ಓಡಿಬಂದ. "ಏನಾಯ್ತಕ್ಕ?"

"ಕ್ಲಚ್ಚಿಗೆ ಎಣ್ಣೆ ಇಳಿದಿದೆ. ಕ್ರ್ಯಾಂಕಿಂದು ಒಂದು ಕೆಲಸ ಬಾಕಿ ಉಳಿದಿತ್ತು. ಬಿಚ್ಚಿ, ಹಿಂದಿನ ಗೆರೆ ತೆಗೆದು ಹಾಕಿದ್ರೆ ನಡೆಯುತ್ತೆ ಕಣೋ. ಸ್ವಲ್ಪ ದಿನ ಸಾಕು."

ಎಲ್ಲರೆದುರಿಗೆ "ಹೇಳಿರಲಿಲ್ವಾ ನಾನು?" ಎಂದು ಕೇಳಬೇಕೆಂದು ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಆ ಸೀಟಿನ ಮೇಲೆ ಕೂತಿದ್ದವರನ್ನು ನೋಡಿ ನುಂಗಿಕೊಂಡೆ. ಅಷ್ಟು ಗಟ್ಟಿ ಆಳು, ಹಾರ ಹಾಕಿದ ಆ ಕಬ್ಬಿಣದ ಮೇಲೆ ತೀರಾ ಸಣ್ಣಗೆ ಕಾಣುತ್ತಿದ್ದರು.

ಚಂದ್ರು ಅಪ್ಪನ ಹತ್ತಿರ ಹೋದ. "ಅಪಾರ್ಟ್‌ಮೆಂಟ್ ಕೆಲಸ ಶುರು ಮಾಡೋದನ್ನ ನಾನು ತಡೆಸ್ತೀನಪ್ಪ. ಅಕ್ಕ ಸರಿ ಮಾಡ್ಕೊಡ್ತಾರಂತೆ. ಇವತ್ತಿಗೆ ಜೆಸಿಬಿಯಿಂದ ಎಳೆಸಿಬಿಡೋಣ" ಎಂದ. ತಮ್ಮನ ಮಗ ಕೂಡ, "ದೊಡ್ಡಪ್ಪ, ನಾನ್ ಏನೋ ಬಾಯಿ ತಪ್ಪಿ ಅಂದಿದ್ದೆ" ಎಂದು ಕೈ ಹಿಡಿದುಕೊಂಡ.

ಬ್ಯಾಟಪ್ಪನವರು ಎಂಜಿನ್ ಆಫ್ ಮಾಡಿ ಇಳಿದರು. "ಎಳೆಸ್ಕಂಡು ತುಳಿದ್ರೆ ಅದು ತುಳಿದಂಗಾ?" ಎಂದರು. "ನಾನ್ ಏಳಿದ್ದು ಇವತ್ತು ಅಂತ. ಇವತ್ತು ನಡೀಲಿಲ್ಲ. ಗುಜ್ರಿಯೋನ್ನ ಕರೀರಿ."

ನಾನು ಜಗಳವಾಡಿದೆ, ಬೇಡಿಕೊಂಡೆ. ಅರ್ಧ ದಿನದ ಕೆಲಸ, ಅರ್ಧ ದಿನದ್ದು! ಇಡೀ ಮನೆ ಗಾಡಿ ಉಳಿಯಲಿ ಎನ್ನುತ್ತಿದೆ, ಬೇಡ ಎನ್ನುತ್ತಿರುವುದು ಅದಕ್ಕಾಗಿ ಪ್ರಾಣ ಬಿಡುತ್ತಿದ್ದವರೊಬ್ಬರೇ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಒಳಗೆ ಹೋಗಿ ಊಟಕ್ಕೆ ಕೂತರು. ಹೋಳಿಗೆಗೆ ತುಪ್ಪ ಸಾಲದೆಂದು ಸೊಸೆಯ ಮೇಲೆ ರೇಗಿದರು. ವಿಜಯದಶಮಿ ಕಳೆದು ಗ್ಯಾಸ್ ಕಟ್ಟರಿನವರು ಬಂದು ಗಾಡಿಯನ್ನು ತುಂಡು ಮಾಡಿ ಲಾರಿಗೆ ಹೇರಿದಾಗ, ಆಣೆ ಹಾಕಿದಂತೆಯೇ, ಪಕ್ಕದಲ್ಲಿ ನಿಂತು ನೋಡಿದರಂತೆ. ಚಂದ್ರು ಫೋನ್ ಮಾಡಿ ಹೇಳಿದ. ಆ ದಿನ ನನಗೆ ಯಾವ ಕೆಲಸದ ಮೇಲೂ ಮನಸ್ಸು ನಿಲ್ಲಲಿಲ್ಲ. ಸೆಲ್ವಂ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ.

ಸ್ವಲ್ಪ ದಿನ ಬಿಟ್ಟು ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಗೂಡ್ಸ್ ಆಟೋ ನಿಂತಿತು. ಬ್ಯಾಟಪ್ಪನವರು. ಹಿಂದೆ ಅದೇ ದೋಣಿ ಕ್ರ್ಯಾಂಕು. ಗುಜರಿಯವನಿಗೆ ಎಲ್ಲ ಕೊಟ್ಟು ಇದೊಂದನ್ನು ಬಿಚ್ಚಿಸಿಟ್ಟುಕೊಂಡಿದ್ದರು. ಮುಖ ಇಳಿದುಹೋಗಿತ್ತು, ಪಂಚೆ ಸಡಿಲವಾಗಿತ್ತು. ಸ್ಟೂಲ್ ಎಳೆದುಕೊಂಡು ಕೂತರು.

"ಆ ಗೆರೆ ತೆಗೀಬೇಕು ಅಂತಿದ್ಯಲ್ಲ, ತೆಗೆದ್ಬುಡು" ಎಂದರು.

"ಈಗ ಯಾಕೆ? ಗಾಡಿ ಎಲ್ಲಿದೆ?"

"ಗಾಡಿ ಇಲ್ಲ. ಕೆಲ್ಸ ಅರ್ಧಕ್ಕೆ ನಿಂತೈತಲ್ಲ. ಮುಗೀಲಿ."

ಬೈಯಬೇಕೆಂದು ಬಾಯಿ ತೆರೆದವಳು ಕ್ರ್ಯಾಂಕನ್ನು ಮಿಷಿನ್ನಿಗೆ ಕಟ್ಟಿ, ಕಲ್ಲು ತಿರುಗಿಸಿ, ಆ ಗೆರೆಗಳನ್ನು ಉಜ್ಜಿ ತೆಗೆದೆ. ಜಗತ್ತಿನಲ್ಲಿ ಯಾವ ಎಂಜಿನ್ನಿಗೂ ಬೇಡವಾದ ಆ ಕೆಲಸವನ್ನು ನಾನು ಮಾಡಿದ ಎಲ್ಲ ಕೆಲಸಕ್ಕಿಂತ ಜೋಪಾನವಾಗಿ ಮಾಡಿದೆ. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮುಗಿದ ಮೇಲೆ ಎದ್ದು ಬಂದು ನುಣ್ಣಗಾದ ಜಾಗಕ್ಕೆ ಉಗುರು ಆಡಿಸಿದರು.

"ನೋಡು, ಎಷ್ಟೊತ್ತಿನ ಕೆಲ್ಸ" ಎಂದರು. "ಅವತ್ತೇ ಇಂಗ್ ಮಾಡ್ಕೊಟ್ಟಿದ್ರೆ ನನ್ ಗಾಡಿ ಉಳೀತಿತ್ತಲ್ಲ ತಾಯಿ."

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ನನ್ನ ಮೇಲೆ ಸಿಟ್ಟೂ ಇರಲಿಲ್ಲ, ಬೇಜಾರಷ್ಟೇ ಇತ್ತು. ಆ ಮನುಷ್ಯ ಅದನ್ನು ಪೂರ್ತಿ ನಂಬಿಬಿಟ್ಟಿದ್ದರು. ನಾನು ಮಾತು ಹುಡುಕುವಷ್ಟರಲ್ಲಿ, ಕ್ರ್ಯಾಂಕು ಇಲ್ಲೇ ಇರಲಿ, ಆಮೇಲೆ ಯಾರನ್ನಾದರೂ ಕಳಿಸಿ ತರಿಸಿಕೊಳ್ಳುತ್ತೇನೆ ಎಂದು ಹೇಳಿ ಆಟೋ ಹತ್ತಿ ಹೊರಟುಹೋದರು.

ಅವರಿಗೆ ಏನೇನು ಹೇಳಬೇಕೆಂದು ಎಷ್ಟೋ ದಿನ ಒಲೆಯ ಮುಂದೆ, ಮಿಷಿನ್ನಿನ ಮುಂದೆ, ಬಸ್ಸಿನಲ್ಲಿ ನಾನು ಜೋಡಿಸಿಕೊಂಡೆ. ಸುಣ್ಣದ ಗುರುತು, ಪಕ್ಕಪಕ್ಕ ಇಟ್ಟು ತೋರಿಸಿದ್ದು, ಸೆಲ್ವಂಗೆ ಹೇಳಿದ ಸುಳ್ಳು, ರಾಹುಕಾಲ, ಒಂದೂ ಬಿಡದೆ. ಮುಂದಿನ ಸಲ ಬರಲಿ, ಕೂರಿಸಿಕೊಂಡು ಹೇಳುತ್ತೇನೆ ಎಂದುಕೊಂಡಿದ್ದೆ. ಬಂದದ್ದು ಚಂದ್ರುವಿನ ಫೋನು. ಬೆಳಿಗ್ಗೆ ಕಾಫಿ ಕುಡಿದು ಹಾಗೇ ಒರಗಿಕೊಂಡವರು ಏಳಲಿಲ್ಲವಂತೆ.

ತಿಥಿಗೆ ಹೋಗಿದ್ದೆ. ಪಂಕ್ತಿಗೆ ಕೂರಿಸುವಾಗ ಚಂದ್ರು ನನ್ನ ಪಕ್ಕ ಬಂದು ಕುಕ್ಕರುಗಾಲಿನಲ್ಲಿ ಕೂತ. ತಲೆ ಬೋಳಿಸಿಕೊಂಡಿದ್ದ, ಥೇಟ್ ಅಪ್ಪನ ಹಾಗೇ ಕಾಣುತ್ತಿದ್ದ. ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕಾ, ತಪ್ಪು ತಿಳ್ಕೋಬೇಡಿ. ಅಪ್ಪ ಕೊನೇ ತನಕ ಒಂದೇ ಮಾತು ಹೇಳ್ತಿದ್ರು. ಗಿರಿಜಮ್ಮ ಆ ಗೆರೆ ಒಂದು ತೆಗೆದುಕೊಟ್ಟಿದ್ರೆ ಗಾಡಿ ಉಳೀತಿತ್ತು ಅಂತ. ಯಾಕಕ್ಕ ಬಿಟ್ರಿ ಅದನ್ನ?"

ಜೋಡಿಸಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಎದುರು ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಆ ಮುಖದಲ್ಲಿ, ನಾನೇ ಸರಿ ಎನ್ನುವ ಅದೇ ಗತ್ತು.

"ನಂಗೆ ಹೊಳೀಲಿಲ್ಲ ಕಣೋ ಚಂದ್ರು" ಎಂದೆ. "ನನ್ನಿಂದಾದ ತಪ್ಪೇ ಅದು."

ಅವನು "ಹೋಗ್ಲಿ ಬಿಡಿ ಅಕ್ಕ, ಏನ್ಮಾಡಕ್ಕಾಗುತ್ತೆ" ಎಂದು ಹೆಗಲು ಮುಟ್ಟಿ, ಎಲೆಗೆ ಇನ್ನಷ್ಟು ಅನ್ನ ಹಾಕಿಸಿ ಮುಂದಕ್ಕೆ ಹೋದ. ನಾನು ಹಲ್ಲು ಕಚ್ಚಿಕೊಂಡು, ಕಣ್ಣು ಒರೆಸಿಕೊಂಡು, ಹಾಕಿದ್ದನ್ನೆಲ್ಲ ಉಂಡೆ.